ಉಣ್ಣೆಯ ಕೈಗವಸಿನವನು

ಕುವೈತ್ ಸಿಟಿಯ ಕಚೇರಿಯೊಂದರಲ್ಲಿ ಬೆರಳಚ್ಚು ಕೊಡಲು ಸಾಲಿನಲ್ಲಿ ನಿಂತಿದ್ದೆ. ಹೊರಗೆ ಡಾಂಬರು ಮೆತ್ತಗಾಗುವ ಬಿಸಿಲು. ನನ್ನ ಮುಂದಿದ್ದ, ರಿಫೈನರಿಯ ಬಿಳಿಯ ಎಂಜಿನಿಯರ್ ಮಾತ್ರ ಉಣ್ಣೆಯ ಕೈಗವಸು ಹಾಕಿಕೊಂಡಿದ್ದ. ಅವನ ಪರವಾಗಿ ಅರಬ್ಬಿ ಮಾತಾಡಲು ಬಂದಿದ್ದ ಗದಗಿನ ಟೆಕ್ನಿಷಿಯನ್ ಬಸವರಾಜ್, ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಆಗಲೇ ಪರಿಚಯ ಮಾಡಿಕೊಂಡಿದ್ದರು.

ಕೌಂಟರಿನ ಅಧಿಕಾರಿ ಕೈಗವಸು ತೆಗೆಸಿ ನೋಡಿದರೆ ನಾಲ್ಕೈದು ಬೆರಳಿಗೆ ತುದಿಯೇ ಇಲ್ಲ. ಅಚ್ಚು ಬೀಳದಿದ್ದರೆ ಇಕಾಮಾ, ಅಂದರೆ ವಾಸದ ಪರವಾನಗಿ ಇಲ್ಲ, ಕೆಲಸವೂ ಇಲ್ಲ. ರಿಫೈನರಿಯ ಬೆಂಕಿಯೇ ಎಂದು ಅಧಿಕಾರಿ ಕೇಳಿದ.

ಅವನಿಗೆ ಉತ್ತರಿಸಿ ಬಸವರಾಜ್ ನನ್ನತ್ತ ತಿರುಗಿದರು. "ಬೆಂಕಿ ಅಲ್ರಿ, ಥಂಡಿ. ಹಿಮದಾಗ ನಾಯಿ ಹೂಡಿ ಗಾಡಿ ಓಡಸೋ ರೇಸ್ ಇರ್ತೈತಲ್ರಿ, ದಿನಗಟ್ಟಲೆ ನಡೀತೈತಂತ. ನಾಯಿ ಪಾದ ಸೀಳಬಾರದಂತ ಬಟ್ಟಿ ಬೂಟು ಕಟ್ಟಬೇಕು. ಗ್ಲೌಸ್ ಹಾಕ್ಕೊಂಡ್ರ ಕಟ್ಟಾಕ ಬರಂಗಿಲ್ಲ. ಬರಿಗೈಲೆ ಕಟ್ಟಿ ಕಟ್ಟಿ ಇವನ ಬೆರಳು ಹಿಂಗಾಗ್ಯಾವ. ಈಗ ಎಸಿ ಗಾಳಿ ಬಡದ್ರೂ ಉರೀತಾವಂತ."

ಗೆದ್ದನೇ ಎಂದು ಅಧಿಕಾರಿ ವಿಚಾರಿಸಿದ. ಬಸವರಾಜ್ ಅವನಿಗೆ ಅರಬ್ಬಿಯಲ್ಲಿ ಹೇಳಿ, ನನಗೂ ಹೇಳಿದರು.

"ನಡುವ ಬಿಟ್ಟನಂತ್ರಿ. ನಾಯಿದು ಒಂದು ಪಾದಾನೂ ಸೀಳಿಲ್ಲಂತ."

ಅಧಿಕಾರಿ ಉಳಿದ ಬೆರಳುಗಳನ್ನು ಒಂದೊಂದಾಗಿ ತಾನೇ ಹಿಡಿದು ಗಾಜಿನ ಮೇಲೆ ಒತ್ತಿದ. ಅಚ್ಚು ಬಿತ್ತು. ಎಂಜಿನಿಯರನ ಇನ್ನೊಂದು ಕೈಗೆ ಹೊರಳುವ ಮೊದಲು ಎದ್ದು, ಎಸಿಯ ಗಾಳಿ ಅವನಿಗೆ ತಾಗದಂತೆ ತಿರುಗಿಸಿದ. ಅದು ನೇರ ನನ್ನ ಮುಖಕ್ಕೆ ಬಡಿಯಿತು. ಸೀನು ಬಂತು. ಆದರೂ ನಾನು ಜಾಗ ಬಿಟ್ಟು ಕದಲಲಿಲ್ಲ.