ಮನೆಗಾಡಿಯ ಸಿಲಿಂಡರಿನಲ್ಲಿ ಎಷ್ಟು ಉಳಿದಿತ್ತು

ಇಪ್ಪತ್ತೇಳು ವರ್ಷ ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸಿದ ಮನುಷ್ಯನಿಗೆ ಒಂದು ಐದು ಕೆಜಿ ಸಿಲಿಂಡರಿನಲ್ಲಿ ಗ್ಯಾಸ್ ಎಷ್ಟು ಉಳಿದಿದೆ ಎಂದು ಹೇಳಲು ಬರಬೇಕು. ನನಗೆ ಬರಲಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ನನ್ನ ಹೆಂಡತಿ ಅವತ್ತೇ ಒಪ್ಪಿಕೊಂಡಿದ್ದಳು.

ನಾವಿರುವುದು ಹಿರೇಕೆರೂರಿನಲ್ಲಿ. ನಮ್ಮದು ಮಡಿ ಮೈಲಿಗೆಯ ವೈಷ್ಣವ ಮನೆ. ನಾನು ಕಾಲೇಜು ಕ್ಯಾಂಟೀನಿನ ಮಿರ್ಚಿ ಭಜಿಗೆ ಸೋತು ಯಾವತ್ತೋ ಕೆಟ್ಟುಹೋಗಿದ್ದೇನೆ. ಅವ್ವ ಮಾತ್ರ ಸ್ನಾನ ಮಾಡಿ, ಯಾರೂ ಮುಟ್ಟದಂತೆ ಎತ್ತರದ ಗಳದ ಮೇಲೆ ಒಣಗಿದ ಸೀರೆ ಉಟ್ಟು, ತಾನೇ ಬೇಯಿಸಿದ್ದನ್ನಷ್ಟೇ ಉಣ್ಣುವವಳು. ಹೀಗಾಗಿ ಎಪ್ಪತ್ತೆಂಟು ವರ್ಷವಾದರೂ ಅವಳು ಒಂದು ದಿನದಲ್ಲಿ ಹೋಗಿಬರುವ ಸವಣೂರನ್ನು ಸಹ ನೋಡಿರಲಿಲ್ಲ. ಅಲ್ಲಿಯ ಆನೆಗಾತ್ರದ ಬುಡದ ದೊಡ್ಡಹುಣಸೆ ಮರಗಳನ್ನು ನೋಡಲು ಎಲ್ಲೆಲ್ಲಿಂದಲೋ ಬಸ್ಸು ಮಾಡಿಕೊಂಡು ಬರುತ್ತಾರೆ. ಅವ್ವನಿಗೆ ಮಾತ್ರ ಮಧ್ಯಾಹ್ನದ ಊಟದ ಪ್ರಶ್ನೆ ಅಡ್ಡ ಬರುತ್ತಿತ್ತು.

ಅವಳ ಒಲೆಯೇ ಅವಳ ಜೊತೆ ಬಂದರೆ? ಈ ವಿಚಾರ ಹೊಳೆದ ದಿನ ನಾನು ಬಹಳ ಬೀಗಿದ್ದೆ. ಹಳೆಯ ವ್ಯಾನೊಂದನ್ನು ಕೊಂಡು, ಶಿಗ್ಗಾಂವಿಯ ಗ್ಯಾರೇಜಿನಲ್ಲಿ ಅದನ್ನು ಮನೆಗಾಡಿ ಮಾಡಿಸಿದೆ. ಮಲಗಲು ಒಂದು ಹಲಗೆ, ನೀರಿನ ಟಾಕಿ, ಒಂದು ಒಲೆ, ಹಿಂಬದಿಯ ಪೆಟ್ಟಿಗೆಯಲ್ಲಿ ಸಿಲಿಂಡರು. ಮಡಿಸೀರೆಗೆ ಚಾವಣಿಯ ಹತ್ತಿರ ಒಂದು ಗಳ. ಆ ಗಳವನ್ನು ಅವ್ವನ ಎತ್ತರ ನೋಡಿ ಹಾಕಿಸಿದ್ದೆ, ನನ್ನ ಎತ್ತರ ಮರೆತಿದ್ದೆ. ಒಳಗೆ ನಾನು ನೆಟ್ಟಗೆ ನಿಂತರೆ ತಲೆ ಸೀರೆಗೆ ತಾಗಿ ಮೈಲಿಗೆಯಾಗುತ್ತಿತ್ತು. ಸ್ವಂತ ದುಡ್ಡಿನ ಗಾಡಿಯಲ್ಲಿ ಬಾಗಿಕೊಂಡೇ ಓಡಾಡಿದವನು ನಾನು.

ಗಾಡಿ ಬಂದದ್ದೇನೋ ಬಂತು, ಹೊರಡುವುದು ಆಗಲಿಲ್ಲ. ಪರೀಕ್ಷೆ, ಮೌಲ್ಯಮಾಪನ, ಇನ್ನೊಂದು ಮತ್ತೊಂದು. ಮೂರು ತಿಂಗಳು ಅದು ಮನೆಯ ಮುಂದೆ ನಿಂತಿತು. ನೋಡಲು ಬಂದವರಿಗೆಲ್ಲ ಅದರಲ್ಲೇ ಚಹಾ ಮಾಡಿಕೊಟ್ಟೆ. ಚಹಾ ಕುಡಿದವರೆಲ್ಲ ಗ್ಯಾಸಿನ ಪರೀಕ್ಷಕರಾದರು. ಒಬ್ಬರು ಸಿಲಿಂಡರು ಎತ್ತಿ ನೋಡಿದರು. ಒಬ್ಬರು ಅಲುಗಾಡಿಸಿ ಕಿವಿಗೊಟ್ಟರು. ಇನ್ನೊಬ್ಬರು ಬೆರಳಿನ ಗೆಣ್ಣಿನಿಂದ ಬಡಿದು, ಹಲಸಿನಹಣ್ಣು ಆರಿಸುವವರ ಮುಖ ಮಾಡಿ, "ಇನ್ನ ಅರ್ಧ ಅದ ಬಿಡ್ರಿ ಸರ" ಎಂದರು.

ಹೆಂಡತಿ ಹೇಳಿದಳು: "ಒದ್ದಿ ಅರಿವಿ ಸುತ್ತಿ ತಗೀರಿ. ಖಾಲಿ ಇದ್ದಷ್ಟು ಲಗೂನ ಆರ್ತದ, ಗ್ಯಾಸ್ ಇದ್ದಷ್ಟು ಹಸಿ ಉಳೀತದ."

"ನಾ ಕೆಮಿಸ್ಟ್ರಿ ಮಾಸ್ತರ. ಸಿಲಿಂಡರಿಗೆ ಜ್ವರ ಬಂದದೇನ, ಒದ್ದಿ ಅರಿವಿ ಹಾಕ್ಲಿಕ್ಕೆ?" ಎಂದೆ.

ನಾನು ಹುಬ್ಬಳ್ಳಿಯಿಂದ ಒತ್ತಡ ಅಳೆಯುವ ಮೀಟರು ತರಿಸಿ ಹಾಕಿದ್ದೆ. ದುಂಡಗಿನ ಗಾಜು, ಒಳಗೆ ಮುಳ್ಳು, ಹಸಿರು, ಹಳದಿ, ಕೆಂಪು. ಮುಳ್ಳು ಮೂರು ತಿಂಗಳೂ ಹಸಿರಿನಲ್ಲೇ ನಿಂತಿತ್ತು. ಇಷ್ಟು ಚಹಾ ಮಾಡಿದರೂ ಅದು ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲವಲ್ಲ ಎಂಬ ಅನುಮಾನ ನನಗೆ ಬರಬೇಕಿತ್ತು. ಸಿಲಿಂಡರಿನೊಳಗೆ ಇರುವುದು ದ್ರವ, ಅದು ಒಂದು ಚಮಚ ಉಳಿದಿದ್ದರೂ ಮೇಲಿನ ಒತ್ತಡ ಅಷ್ಟೇ ಇರುತ್ತದೆ ಎಂದು ಪ್ರತಿ ವರ್ಷ ಪಿಯುಸಿ ಮಕ್ಕಳಿಗೆ ಕಲಿಸುವವನು ನಾನೇ. ಉತ್ತರ ತಪ್ಪು ಬರೆದವರ ಅಂಕ ಕತ್ತರಿಸುವವನೂ ನಾನೇ. ಆದರೆ ಪಾಠ ಕಾಲೇಜಿನಲ್ಲಿ, ಮೀಟರು ಮನೆಯಲ್ಲಿ. ಎರಡನ್ನೂ ಸೇರಿಸಿ ನೋಡುವ ಬುದ್ಧಿ ನನಗೆ ಓಡಲಿಲ್ಲ.

ಕೊನೆಗೊಂದು ಭಾನುವಾರ ಹೊರಟೆವು. ಗಾಡಿ ಹತ್ತುವಾಗ ಹೆಂಡತಿ ಪಂಚಾಂಗ ನೋಡಿ ಬಾಯಿಯ ಮೇಲೆ ಕೈ ಇಟ್ಟಳು. ಅವತ್ತು ದಶಮಿ. ದಶಮಿಗೆ ಅವ್ವನದು ಒಂದೇ ಹೊತ್ತಿನ ಊಟ. ಮರುದಿನ ಏಕಾದಶಿ, ಹನಿ ನೀರೂ ಇಲ್ಲ. ಅಂದರೆ ಇವತ್ತು ಮಧ್ಯಾಹ್ನದ್ದು ತಪ್ಪಿದರೆ ಅವ್ವನಿಗೆ ಅನ್ನ ಸಿಗುವುದು ನಾಡಿದ್ದು ದ್ವಾದಶಿ ಬೆಳಗ್ಗೆ. ಹಿಂದಿನ ತಿಂಗಳಷ್ಟೇ ಅವಳು ಉಪವಾಸದ ಮಾರನೆಯ ದಿನ ಬಚ್ಚಲ ಬಾಗಿಲಲ್ಲಿ ತಲೆ ತಿರುಗಿ ಕುಸಿದಿದ್ದಳು.

"ಗ್ಯಾಸ್ ಅದ ಹೌದಿಲ್ಲೋ?" ಎಂದು ಅವ್ವ ಕೇಳಿದಳು.

ನಾನು ಮೀಟರು ತೋರಿಸಿದೆ. ಹಸಿರು. ಅವ್ವ ಬಹಳ ಹೊತ್ತು ಅದನ್ನೇ ನೋಡಿ, "ಹಂಗಾರ ನಡಿ" ಎಂದಳು.

ತಿಳವಳ್ಳಿ ದಾಟಿ, ಅಕ್ಕಿಆಲೂರಿನಲ್ಲಿ ಕೊತ್ತಂಬರಿ ಕೊಂಡು, ಹಾನಗಲ್ಲಿನ ಆಚೆ ಶಿಗ್ಗಾಂವಿ ರಸ್ತೆಯಲ್ಲಿ ಒಂದು ಹೊಲದ ಬದಿಗೆ ಗಾಡಿ ನಿಲ್ಲಿಸಿದಾಗ ಹನ್ನೊಂದು ಗಂಟೆ. ಮೆಕ್ಕೆಜೋಳದ ರಾಶಿ ಮುಗಿದಿತ್ತು. ಕಾಳು ಬಿಡಿಸಿದ ಬೆಂಡುಗಳ ಗುಡ್ಡೆ ರಸ್ತೆಯ ತನಕ ಚೆಲ್ಲಿತ್ತು. ಹೊಲದ ಹೆಣ್ಣುಮಗಳು ನಮ್ಮನ್ನು ನೋಡಿ ಬೋರಿನ ಮೋಟರು ಹಚ್ಚಿಕೊಟ್ಟಳು. ಹೆಂಡತಿ ಗಾಡಿಯ ಮರೆಯಲ್ಲಿ ಸೀರೆ ಅಡ್ಡ ಹಿಡಿದಳು, ಅವ್ವನ ಸ್ನಾನವಾಯಿತು. ಮಡಿ ಉಟ್ಟು ಅವ್ವ ಮೊದಲು ಮಾಡಿದ ಕೆಲಸ ಸಿಲಿಂಡರಿನ ಮೇಲೆ ನೀರು ಚಿಮುಕಿಸಿದ್ದು. ಗೋದಾಮಿನಿಂದ ನಮ್ಮ ಮನೆಯವರೆಗೆ ಎಷ್ಟು ಕೈ ಮುಟ್ಟಿರುತ್ತದೋ, ನೀರು ಬಿದ್ದ ಮೇಲೆ ಅದೂ ಶುದ್ಧ. ಅಲ್ಲಿಂದ ಮುಂದೆ ಅವಳ ಊಟ ಮುಗಿಯುವವರೆಗೆ ನಾವಿಬ್ಬರೂ ಅದನ್ನು ಮುಟ್ಟುವಂತಿಲ್ಲ.

ತೊವ್ವೆ ಇಳಿಯಿತು. ಅನ್ನಕ್ಕೆ ಇಟ್ಟಳು. ಎಸರು ಕುದಿದು ಅಕ್ಕಿ ಅರಳುವ ಹೊತ್ತಿಗೆ ಉರಿ ಒಮ್ಮೆ ಉದ್ದವಾಯಿತು, ಹಳದಿಯಾಯಿತು, ಪುಸಕ್ಕೆಂದು ಹೋಯಿತು. ಮುಳ್ಳು ಆಗ ಸರಸರ ಇಳಿದು ಕೆಂಪಿಗೆ ಬಂತು. ಕಳ್ಳ ಓಡಿಹೋದ ಮೇಲೆ ಸೀಟಿ ಊದುವ ಕಾವಲುಗಾರನ ಹಾಗೆ.

"ಅಲುಗಾಡಸು ಅವ್ವಾ! ಒಂದ್ಸಲ ಡೊಂಕ ಮಾಡು! ಅದರ ಮ್ಯಾಲೆ ಬಿಸಿನೀರು ಹಾಕು!" ನಾನು ಮೂರು ಮಾರು ದೂರ ನಿಂತು ಕೂಗಾಡಿದೆ. ಮುಟ್ಟಬಾರದಲ್ಲ. ಮುಂದೆ ಹೋಗುವೆ, ಅವ್ವ ಕಣ್ಣು ಬಿಟ್ಟಾಗ ಹಿಂದೆ ಬರುವೆ. ಮೀಟರು ಮಾಡಿದವನನ್ನು ಬೈದೆ, ಮಾರಿದವನನ್ನು ಬೈದೆ, ದಶಮಿಯನ್ನೂ ಬೈಯಲು ಹೋಗಿ ನಾಲಿಗೆ ಕಚ್ಚಿಕೊಂಡೆ. ನಿಜವಾಗಿ ನನಗೆ ಹೆದರಿಕೆಯಾಗಿತ್ತು. ಭಾನುವಾರ, ಹೊಸ ಸಿಲಿಂಡರು ಎಲ್ಲೂ ಸಿಗುವುದಿಲ್ಲ. ಈ ಅರೆಬೆಂದ ಅನ್ನ ಬಿಟ್ಟರೆ ಮುದುಕಿಗೆ ನಾಡಿದ್ದಿನವರೆಗೆ ಏನೂ ಇಲ್ಲ.

ಹೊಲದ ಹೆಣ್ಣುಮಗಳು ನನ್ನ ಕುಣಿತ ನೋಡಿ ನಗು ತಡೆದುಕೊಂಡು ಹತ್ತಿರ ಬಂದಳು. "ಯಾಕ ಒದರಾಕತ್ತೀರಿ ಸಾಹೇಬ್ರ? ಅಮ್ಮಾರ, ಮೂರು ಕಲ್ಲು ಹೂಡಿಕೊಡ್ಲೇನ್ರಿ? ಬೆಂಡು ಬೇಕಾದಷ್ಟು ಬಿದ್ದಾವು."

"ಕಲ್ಲ ಅಲ್ಲೇ ಇಡವಾ, ನಾ ತೊಳಕೋತೇನಿ. ಬೆಂಕಿಗೆ ಎಲ್ಲೀ ಮೈಲಿಗಿ?" ಎಂದು ಅವ್ವ ಎದ್ದೇಬಿಟ್ಟಳು. ಕಲ್ಲಿಗೆ ನೀರು ಹಾಕಿದಳು, ಬೆಂಡು ಜೋಡಿಸಿದಳು. ತನ್ನ ಮಡಿ ಬುಟ್ಟಿಯೊಳಗೆ ಕೈ ಹಾಕಿ ಕಡ್ಡಿಪೆಟ್ಟಿಗೆ ತೆಗೆದಳು. ಅದರ ಹಿಂದೆಯೇ ಗೇಣುದ್ದದ ಹಿತ್ತಾಳೆಯ ಊದುಗೊಳವೆ ತೆಗೆದಳು.

ನಾನು ಹೆಂಡತಿಯ ಮುಖ ನೋಡಿದೆ. ಅವಳು ನಗು ಕಾಣದಂತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಗ್ಯಾಸಿನ ಗಾಡಿಯಲ್ಲಿ ಹೊರಟ ಅವ್ವ ಊದುಗೊಳವೆ ಯಾಕೆ ತಂದಳು?

"ಅವ್ವಾ, ನಿನಗ ಮೊದಲ ಗೊತ್ತಿತ್ತೇನ?"

ಅವ್ವ ಎರಡು ಸಲ ಊದಿ, ಉರಿ ಹತ್ತಿದ ಮೇಲೆ ಮಾತಾಡಿದಳು. "ಶುಕ್ರವಾರ ನೀ ಕಾಲೇಜಿಗೆ ಹೋದಾಗ ನೋಡಿದೆ. ಬಿಸಿನೀರು ಸುರುವಿ ಕೈ ಆಡಿಸಿದೆ. ಮ್ಯಾಲೆಲ್ಲಾ ಬೆಚ್ಚಗ, ಗ್ಯಾಸ್ ಇದ್ದ ತಳದಾಗ ಎರಡು ಬೆರಳಷ್ಟ ತಣ್ಣಗಿತ್ತು."

"ಮತ್ತ ಹೇಳೂದಲ್ಲೇನು? ಇವತ್ತ ದಶಮಿ! ಉಪವಾಸ ಬಿದ್ದಿದ್ದರ?"

"ಹೇಳಿದ್ದರ ನೀ ಮುಂದಿನ ಐತವಾರ ಹೋಗೂಣು ಅಂತಿದ್ದಿ. ನಿಮ್ಮಪ್ಪನೂ ಹಂಗ ಅಂತಿದ್ದರು. ಆ ದೊಡ್ಡಹುಣಸಿ ಗಿಡ ನೋಡಬೇಕಂತ ಲಗ್ನ ಆದಾಗಿಂದ ಕಾದೇನಿ. ಒಂದೂಟ ಹೋದರ ಹೋಗಲಿ ಅಂದೆ."

ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು, ನಾನೂ ಒಂದು ಮಾತು ಎದುರಾಡಿ ಹಗುರಾಗುತ್ತಿದ್ದೆ. ಮೂರು ತಿಂಗಳು ಊರಿಗೆಲ್ಲ ಚಹಾ ಕುಡಿಸಿದ ಗಾಡಿಯ ಪಕ್ಕ ನಿಂತು ನನಗೆ ನಾಚಿಕೆಯಾಯಿತು.

ಅನ್ನ ಚೆನ್ನಾಗಿ ಬೆಂದಿತು, ತುಸು ಹೊಗೆ ವಾಸನೆಯಿತ್ತು. ಅವ್ವ ಎರಡು ಸಲ ಹಾಕಿಕೊಂಡು ಉಂಡಳು. ನಮಗೂ ಬಡಿಸಿದಳು, ಹೊಲದ ಹೆಣ್ಣುಮಗಳಿಗೆ ಎಲೆಯಲ್ಲಿ ಕಟ್ಟಿಕೊಟ್ಟಳು. ಕೈ ತೊಳೆದು ಗಾಡಿ ಹತ್ತಿ, ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತು, "ತಗಿ ಗಾಡಿ. ಬಿಸಿಲು ಇಳಿಯೂದರಾಗ ಮುಟ್ಟೂಣು" ಎಂದಳು.

ಶಿಗ್ಗಾಂವಿ ಬಂದಾಗ ಹೆಂಡತಿ ಹಿಂದಿನಿಂದ, "ಐದು ನಿಮಿಷ ನಿಲ್ಲಸ್ರಿ, ಚಹಾ ಕುಡದು ಹೋಗೂಣು" ಎಂದಳು. ನಾನು ನಿಲ್ಲಿಸಲಿಲ್ಲ.