ಎಡಗಡೆಯ ಶಾಕ್

ಇದನ್ನು ಹೇಳುವುದನ್ನು ನಾನು ಬಹಳ ಕಾಲ ಮುಂದೂಡಿದ್ದೇನೆ. ಬಂಗಾರಪೇಟೆ ಸ್ಟೇಷನ್ ಎದುರಿನ ಟೀ ಅಂಗಡಿಯಲ್ಲಿ ಒಂದೆರಡು ಸಲ ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಯಾರಾದರೂ "ಏನ್ ಯಜಮಾನ್ರೇ, ಗಾಡಿ ಮೆತ್ತಗೆ ಓಡ್ತಾ ಅದೆ" ಎನ್ನುತ್ತಿದ್ದರು. ನಾನು ಮಾತನ್ನು ಶಾಕ್ ಅಬ್ಸಾರ್ಬರ್ ಕಡೆಗೆ ತಿರುಗಿಸಿಬಿಡುತ್ತಿದ್ದೆ. ಮನೆಯಲ್ಲೇ ಶಾಕ್ ಬದಲಾಯಿಸಿದೆನೆಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಬದಲಾಯಿಸುವಾಗ ಕಂಡದ್ದನ್ನು ಯಾರಿಗೂ ಹೇಳಿಲ್ಲ.

ನಾನು ಮದುವೆಯಾಗಲಿಲ್ಲ. ಬಂಗಾರಪೇಟೆಯಲ್ಲಿ ಒಂದು ಕೋಣೆ, ಒಂದು ಸ್ಟವ್, ಗೋಡೌನಿನಲ್ಲಿ ಮೂಟೆ ಎಣಿಸುವ ಕೆಲಸ, ಆಮೇಲೆ ಅದೂ ಇಲ್ಲ. ಅಣ್ಣ ಚಿನ್ನದ ಗಣಿಯಲ್ಲಿದ್ದ. ನಾನು ಹೈಸ್ಕೂಲು ಓದಿದ್ದು ನಂದಿದುರ್ಗ ಗಣಿಯ ಕೂಲಿಕಾರರ ಲೈನಿನಲ್ಲಿ, ಅಣ್ಣನ ಒಂದೇ ಕೋಣೆಯ ಮನೆಯಲ್ಲಿ. ಪರೀಕ್ಷೆಯ ದಿನಗಳಲ್ಲಿ ಅತ್ತಿಗೆ ಒಲೆಯನ್ನು ಹೊರಗಡೆ ಗೋಡೆ ಪಕ್ಕಕ್ಕೆ ಎತ್ತಿಕೊಂಡು ಹೋಗುತ್ತಿದ್ದಳು. ಹೊಗೆಗೆ ನನ್ನ ಕಣ್ಣು ಉರಿಯಬಾರದು ಎಂದು. ಅಲ್ಲಿ ಗಾಳಿಗೆ ಬೆಂಕಿ ಹತ್ತುತ್ತಿರಲಿಲ್ಲ, ಊದಿ ಊದಿ ಅವಳ ಕಣ್ಣೇ ಕೆಂಪಾಗುತ್ತಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಹಾಗೆ.

ಅಣ್ಣ ಎದೆಯ ಕಾಯಿಲೆಯಲ್ಲಿ ಹೋದ. ಗಣಿಯೂ ಮುಚ್ಚಿತು. ಅತ್ತಿಗೆ ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಹೂ ಕಟ್ಟಿ ಮಾರತೊಡಗಿದಳು. ಹೂ ಬೇಕಾದ ದಿನ ಬೆಳಗಿನ ರೈಲಿಗೆ ಬಂಗಾರಪೇಟೆಗೆ ಬರುವಳು. ಹಳ್ಳಿಗಳಿಂದ ಬಂದ ಸೇವಂತಿಗೆ, ಕನಕಾಂಬರ ಕೊಂಡು ಗಂಟು ಕಟ್ಟಿದ ಮೇಲೆ ನಾನು ಗಾಡಿಯಲ್ಲಿ ಮಾರ್ಕೆಟ್ಟಿಗೆ ಬಿಟ್ಟು ಬರುತ್ತಿದ್ದೆ. ನನ್ನದು ಸೆಕೆಂಡ್ ಹ್ಯಾಂಡ್ ಬೈಕು. ಹಳೇ ಮಾಲೀಕ ಸೀರೆ ಗಾರ್ಡ್ ಕಿತ್ತುಹಾಕಿದ್ದ. ಅವಳ ಸೆರಗು ಚಕ್ರಕ್ಕೆ ಸಿಕ್ಕೀತೆಂದು ನಾನೇ ಹೊಸದೊಂದು ತಂದು ಎಡಗಡೆ ಹಾಕಿಸಿದೆ. ಆ ಗಾಡಿಯ ಹಿಂದಿನ ಸೀಟಿನಲ್ಲಿ ಕೂತವಳು ಅವಳೊಬ್ಬಳೇ.

ಒಂದು ಸಂಜೆ ಟೀ ಅಂಗಡಿಯಲ್ಲಿ ಗೋಡೌನಿನ ಹಮಾಲಿಯೊಬ್ಬ ಆ ಗಾರ್ಡನ್ನು ಕಾಲಿನಿಂದ ತಟ್ಟಿ ಕೇಳಿದ: "ಎಂಡ್ತಿ ಇಲ್ದೋನ್ ಗಾಡೀಗೆ ಸೀರೆ ಗಾರ್ಡ್ ಯಾಕ್ಲಾ? ಅಣ್ಣನ ಮನೆ ದಾರಿ ಸವೆಸ್ಬುಟ್ಯಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ಒಳಗೇ ಕೂತುಬಿಟ್ಟಿತು.

ಅದಾದ ಮೇಲೆ ಅವಳನ್ನು ಮಾರ್ಕೆಟ್ಟಿಗೆ ಬಿಟ್ಟ ದಿನ ಅವಳು ಸೊಂಟ ಹಿಡಿದುಕೊಂಡು ಇಳಿದಳು. ಅಣ್ಣ ಹೋದ ಮೇಲೆ ಅವಳ ಮೈ ಊದಿಕೊಂಡಿತ್ತು, ಅದೇನೋ ಕಾಯಿಲೆಯಂತೆ.

"ನಿನ್ ಗಾಡಿ ಒಂದ್ ಕಡೀಕ್ ಎಳೀತದೆ ಕಣಯ್ಯ," ಎಂದಳು. "ಅಳ್ಳ ಸಿಕ್ದಾಗೆಲ್ಲ ನನ್ನ್ ಎತ್ತಿ ಬಿಸಾಕ್ತದೆ. ಒಂದ್ಸಲ ತೋರ್ಸು ಯಾರ್ಗಾನ."

ಹೂವಿನವರೆಲ್ಲ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಅವಳ ಗಾಡಿ ಸವಾರಿಯ ಮಾತು ಬಂದದ್ದರಿಂದ ನನಗೆ ಮುಜುಗರವಾಯಿತು. ಅವಳನ್ನು ನೋಡಿ ಜನ ನಕ್ಕರೆ ನನ್ನನ್ನು ನೋಡಿ ನಗುವುದಿಲ್ಲ ಎಂಬ ಲೆಕ್ಕ ಒಂದು ಕ್ಷಣದಲ್ಲಿ ತಲೆಗೆ ಬಂತು.

"ಗಾಡಿ ಎಲ್ಲಿ ಎಳೀತದೆ? ನೀನ್ ಕೂತಿರೋ ಕಡೀಕ್ ಅದೇ ಕುಸೀತದೆ," ಎಂದೆ, ಎಲ್ಲರಿಗೂ ಕೇಳುವಂತೆ. "ಮೂರ್ ಮೂಟೆ ಏರ್ದಂಗ್ ಆಗ್ತದೆ. ನಿನ್ ಭಾರುಕ್ಕೆ ನನ್ ಶಾಕೇ ಓಯ್ತು!"

ಹೂವಿನವರು ಗೊಳ್ಳೆಂದರು. ಅಕ್ಕನಿಗೆ ಲಾರಿಯೇ ಸರಿ ಎಂದು ಪಕ್ಕದ ಬಾಳೆಹಣ್ಣಿನವನು ತಮಿಳಿನಲ್ಲಿ ಸೇರಿಸಿದ: "ಅಕ್ಕಾವುಕ್ಕು ಲಾರಿ ತಾನ್ ಸರಿ!"

ಅತ್ತಿಗೆ ಮೈದುನ ಎಂದ ಮೇಲೆ ತಮಾಷೆ ಇದ್ದದ್ದೇ, ನಮ್ಮಲ್ಲಿ ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವಂತಿಲ್ಲ. ಅವಳೂ ನಕ್ಕಳು. "ಆಯ್ತ್ ಬುಡಪ್ಪ, ನಾಳಿಂದ ಬಸ್ಸಿಗ್ ಓಗ್ತೀನಿ. ನಿನ್ ಗಾಡಿ ಉಳ್ಕಳ್ಳಿ," ಎಂದು ಹೂವಿನ ಗಂಟು ಎತ್ತಿಕೊಂಡಳು. ಗಂಟು ಎತ್ತಿ ಕೊಡುವುದು ಪ್ರತಿ ಸಲವೂ ನನ್ನ ಕೆಲಸ. ಅಂದು ಅವಳು ಕಾಯಲಿಲ್ಲ.

ಅವಳು ಮತ್ತೆ ನನ್ನ ಗಾಡಿ ಹತ್ತಲಿಲ್ಲ. ಒಂದೆರಡು ಸಲ ಬಂಗಾರಪೇಟೆ ಬಸ್ ಸ್ಟ್ಯಾಂಡಿನಲ್ಲಿ ಗಂಟು ತಲೆಯ ಮೇಲಿಟ್ಟುಕೊಂಡು ನಿಂತದ್ದನ್ನು ದೂರದಿಂದ ಕಂಡೆ. ಗಾಡಿ ನಿಲ್ಲಿಸಲಿಲ್ಲ. ಬರುಬರುತ್ತಾ ನಂದಿದುರ್ಗದ ಕಡೆ ಹೋಗುವುದೂ ಕಡಿಮೆಯಾಯಿತು. ಹಬ್ಬಕ್ಕೆ ಹೋದರೆ ಊಟ ಹಾಕುತ್ತಿದ್ದಳು. ಮಾತು ಚೆನ್ನಾಗಿಯೇ ಇತ್ತು. ಬಾಗಿಲ ಬಳಿ ನಿಂತ ಗಾಡಿಯ ಕಡೆ ಮಾತ್ರ ನೋಡುತ್ತಿರಲಿಲ್ಲ.

ವರ್ಷಗಳು ಕಳೆದವು. ಗಾಡಿಯ ಹಿಂದಿನ ಶಾಕ್‌ಗಳಿಂದ ಎಣ್ಣೆ ಜಿನುಗತೊಡಗಿತು. ಸಣ್ಣ ಗುಂಡಿಗೂ ಬೆನ್ನುಮೂಳೆ ನೆತ್ತಿಗೆ ಬಡಿಯುತ್ತಿತ್ತು. ದಿನ ಕಳೆಯಲು ಬೇರೆ ಕೆಲಸವಿರಲಿಲ್ಲವಲ್ಲ, ರಾಬರ್ಟ್‌ಸನ್‌ಪೇಟೆಯಿಂದ ಹೊಸ ಜೋಡಿ ತಂದು ನಾನೇ ಹಾಕಲು ಕೂತೆ. ಮನೆ ಮುಂದೆ ಡಬಲ್ ಸ್ಟ್ಯಾಂಡ್ ಹಾಕಿ, ಗೋಣಿಚೀಲ ಹಾಸಿ, ಸ್ಪ್ಯಾನರುಗಳನ್ನು ಸಾಲಾಗಿ ಇಟ್ಟುಕೊಂಡೆ. ಬಲಗಡೆಯದು ಸಲೀಸಾಗಿ ಬಂತು. ಮೇಲಿನ ನಟ್ಟು, ಕೆಳಗಿನ ಬೋಲ್ಟು, ಒಂದು ಎಳೆತ. ಎಡಗಡೆಯದಕ್ಕೆ ಮೊದಲು ಸೀರೆ ಗಾರ್ಡ್ ಬಿಚ್ಚಬೇಕು. ಅದರ ಬೋಲ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು, ಕಾದು, ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಚ್ಚುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು.

ಎರಡು ಹಳೇ ಶಾಕ್‌ಗಳನ್ನೂ ಗೋಣಿಚೀಲದ ಮೇಲೆ ಪಕ್ಕಪಕ್ಕ ಇಟ್ಟೆ. ಒಂದರ ಸ್ಪ್ರಿಂಗು ಗಿಡ್ಡ, ಒಂದರದು ಉದ್ದ.

ಶಾಕ್‌ನಲ್ಲಿ ಸ್ಪ್ರಿಂಗಿನ ಬುಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ಒಂದು ಬಳೆ ಇರುತ್ತದೆ. ಒಬ್ಬನೇ ಓಡಿಸುವಾಗ ಕೆಳಗಿನ ಮೆಟ್ಟಿಲು ಸಾಕು. ಹಿಂದೆ ಒಬ್ಬರು ಕೂರುವುದಾದರೆ ಬಳೆ ತಿರುಗಿಸಿ ಮೇಲಿನ ಮೆಟ್ಟಿಲಿಗೆ ತಂದು ಸ್ಪ್ರಿಂಗನ್ನು ಬಿಗಿ ಮಾಡಬೇಕು. ಎರಡೂ ಕಡೆ ಒಂದೇ ಮೆಟ್ಟಿಲಿರಬೇಕು, ಇಲ್ಲದಿದ್ದರೆ ಗಾಡಿ ತಿರುಚಿಕೊಂಡು ಓಡುತ್ತದೆ. ನನ್ನ ಬಲಗಡೆಯ ಬಳೆ ತೀರಾ ಮೇಲಿನ ಮೆಟ್ಟಿಲಿನಲ್ಲಿತ್ತು. ಎಡಗಡೆಯದು ತೀರಾ ಕೆಳಗಿತ್ತು.

ಬಲಗಡೆಯ ಬಳೆಯ ಮೇಲೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಲ್ಲಿ ಹೊಡೆದ ಗಾಯಗಳಿದ್ದವು. ಆ ಗಾಯ ಮಾಡಿದವನು ನಾನೇ. ಅವಳನ್ನು ಕೂರಿಸಿಕೊಳ್ಳತೊಡಗಿದ ಹೊಸದರಲ್ಲಿ ಬಳೆ ತಿರುಗಿಸುವ ಕೊಕ್ಕೆ ಸ್ಪ್ಯಾನರ್ ಇಲ್ಲದೆ ಹಾಗೆ ಹೊಡೆದು ಬಿಗಿ ಮಾಡಿದ್ದೆ. ಎಡಗಡೆ ಸೀರೆ ಗಾರ್ಡ್ ಅಡ್ಡ ಬಂತು. ಅದನ್ನು ಬಿಚ್ಚಲು ಸೋಮಾರಿತನ, ನಾಳೆ ನೋಡೋಣ ಎಂದುಕೊಂಡಿದ್ದೆ. ಆ ನಾಳೆಯನ್ನು ಮರೆತೇಬಿಟ್ಟಿದ್ದೆ.

ಅವಳು ಹೇಳಿದ್ದು ನಿಜ. ಗಾಡಿ ಒಂದು ಕಡೆಗೆ ಎಳೆಯುತ್ತಿತ್ತು. ಎಳೆಯುವಂತೆ ಮಾಡಿದವನು ನಾನು.

ಹೊಸ ಶಾಕ್‌ಗಳ ಬಳೆಗಳನ್ನು ಎರಡೂ ಕಡೆ ಒಂದೇ ಮೆಟ್ಟಿಲಿಗೆ ಇಟ್ಟೆ, ಇಬ್ಬರು ಕೂರುವ ಮೆಟ್ಟಿಲಿಗೆ. ಸೀರೆ ಗಾರ್ಡನ್ನು ತಿಕ್ಕಿ ತೊಳೆದು ಮತ್ತೆ ಹಾಕಿದೆ. ಮರುದಿನ ನಂದಿದುರ್ಗಕ್ಕೆ ಹೊರಟೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ತಪ್ಪು ನನ್ನದು, ನಿನ್ನ ಭಾರದ್ದಲ್ಲ, ಅಷ್ಟು ಹೇಳಿದರೆ ಸಾಕಿತ್ತು.

ಅವಳು ಬಾಗಿಲಲ್ಲಿ ಕಾಲು ಚಾಚಿ ಕೂತು ಹೂ ಕಟ್ಟುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಏನಯ್ಯ, ದಾರಿ ತಪ್ಪಿ ಬಂದ್ಯಾ?"

"ಗಾಡೀಗೆ ಶಾಕ್ ಬದಲಾಯಿಸ್ದೆ. ಒಂದ್ ಸುತ್ತು ಬತ್ತೀಯಾ?"

ಎಷ್ಟೋ ವರ್ಷಗಳ ಮೇಲೆ ಅವಳು ನನ್ನ ಗಾಡಿಯನ್ನು ನೋಡಿದಳು. ಬೆರಳು ನಿಂತಿತು.

"ಅಳೇದುಕ್ಕೆ ಏನಾಗಿತ್ತು?"

ಬಾಗಿಲು ತೆರೆದು ಕೊಟ್ಟಂತೆ ಕೇಳಿದಳು. ನಾನು ಒಳಗೆ ಹೋಗಲಿಲ್ಲ. "ಅಳೇದಾಗಿತ್ತು, ಅಷ್ಟೇ," ಎಂದೆ.

"ನನ್ ಭಾರುಕ್ಕೇ ಓಗಿತ್ತೇನೋ ಅಂದ್ಕಂಡಿದ್ದೆ," ಎಂದು ಅವಳು ನಕ್ಕಳು.

ನಾನೂ ನಕ್ಕೆ. ಮಾರ್ಕೆಟ್ಟಿನಲ್ಲಿ ಆಡಿದ ಮಾತಿಗಿಂತ ಈ ನಗು ನನಗೆ ದೊಡ್ಡ ತಪ್ಪಾಗಿ ಕಾಣುತ್ತದೆ. ಅಂದು ನನಗೆ ತಿಳಿದಿರಲಿಲ್ಲ. ಈ ಸಲ ತಿಳಿದೂ ನಕ್ಕೆ.

"ಈಗ ಕಾಲ್ ಎತ್ತಾಕಕ್ಕೆ ಆಗಲ್ಲ ಕಣಯ್ಯ, ಮಂಡಿ ಓಗದೆ," ಎಂದಳು. ಕೈಯಲ್ಲಿದ್ದ ಕನಕಾಂಬರವನ್ನು ಒಂದು ಮೊಳ ಕತ್ತರಿಸಿ ಕೊಟ್ಟಳು. "ತಗ, ನಿನ್ ಗಾಡೀಗ್ ಆಕು. ಒಸಾ ಶಾಕ್ ಅಲ್ವಾ."

ಹ್ಯಾಂಡಲ್ಲಿಗೆ ಕಟ್ಟಿಕೊಂಡು ಬಂದೆ. ಮುಂದಿನ ವಾರ ಹೋಗಿ ಹೇಳೋಣ ಎಂದುಕೊಂಡೆ. ಆಮೇಲೆ ಯುಗಾದಿಗೆ ಎಂದುಕೊಂಡೆ. ಯುಗಾದಿಗೆ ಮೊದಲೇ ಲೈನಿನ ಪಕ್ಕದ ಮನೆಯವರು ಫೋನ್ ಮಾಡಿದರು. ಅವಳನ್ನು ಹೊತ್ತವರಲ್ಲಿ ನಾನೂ ಒಬ್ಬ. ಕಾಯಿಲೆಯಲ್ಲಿ ಅವಳು ಕರಗಿಹೋಗಿದ್ದಳು. ಹೆಗಲ ಮೇಲೆ ಭಾರವೇ ಇರಲಿಲ್ಲ.

ಈಗಲೂ ಗಾಡಿಯಲ್ಲಿ ನಾನೊಬ್ಬನೇ. ಟೀ ಅಂಗಡಿಯಲ್ಲಿ ಕೇಳಿದವರಿಗೆ ಶಾಕ್ ಬಗ್ಗೆ ಹೇಳುತ್ತಲೇ ಇರುತ್ತೇನೆ. ಅವಳು ಕುಪ್ಪಂ ಕಡೆಯಿಂದ ಬಂದವಳು, ಮನೆಮಾತು ತೆಲುಗು. ಹೈಸ್ಕೂಲಿಗೆಂದು ಆ ಮನೆಗೆ ಹೋದ ಮೊದಲ ದಿನ ಅತ್ತಿಗೆಯನ್ನು ತನ್ನ ಮಾತಿನಲ್ಲಿ ಏನೆಂದು ಕರೆಯಬೇಕೆಂದು ಅವಳೇ ಹೇಳಿಕೊಟ್ಟಿದ್ದಳು. ಹೆಸರು ಹಿಡಿದು ಎಂದೂ ಕರೆಯಲಿಲ್ಲ. ನಾನು ತಪ್ಪಾಯಿತು ಎನ್ನಬೇಕಾಗಿದ್ದದ್ದು, ಎನ್ನದೇ ಹೋದದ್ದು ಅವಳಿಗೆ, ನನ್ನ ವದಿನಮ್ಮನಿಗೆ.