ಅಂಗೈ ನೋಡುವ ಡಾಕ್ಟ್ರಮ್ಮ

ಜಡೆಗೆ ಕನಕಾಂಬರ ಮುಡಿದು, ಹೂವಿನ ಪಕ್ಕದಲ್ಲೇ ಪೆನ್ನು ಸಿಕ್ಕಿಸಿಕೊಳ್ಳುತ್ತಿದ್ದರು ನಮ್ಮ ಡಾಕ್ಟ್ರಮ್ಮ. ಪೆನ್ನು ಎಳೆದಾಗಲೆಲ್ಲ ಒಂದೆರಡು ಹೂ ಚೀಟಿಯ ಮೇಲೆ ಉದುರುತ್ತಿದ್ದವು. ರೋಗಿ ಕೂತ ಕೂಡಲೇ ಅಂಗೈ ತಿರುಗಿಸಿ ನೋಡುವುದು ಅವರ ಅಭ್ಯಾಸ. ಶಿಡ್ಲಘಟ್ಟದ ಆಸ್ಪತ್ರೆಯ ಸಾಲಿನಲ್ಲಿ ನಿಂತವರು, “ಶಾಸ್ತ್ರ ಹೇಳ್ತಾರೆ, ಬಳೆ ಸರಿಸ್ಕೊಳ್ರೇ” ಎಂದು ನಗುತ್ತಿದ್ದರು. ಡಾಕ್ಟ್ರಮ್ಮ ಹುಡುಕುತ್ತಿದ್ದದ್ದು ಗಾಯ, ಗೀರು, ಹಿಪ್ಪುನೇರಳೆ ಸೊಪ್ಪಿನ ಕಲೆ. ಆ ಕೈ ದಿನವಿಡೀ ಏನು ಮುಟ್ಟುತ್ತದೆ ಎಂಬುದನ್ನು.

ಜಂಗಮಕೋಟೆಯಿಂದ ನಾನು ನಮ್ಮತ್ತೆಯನ್ನು ಕರೆದೊಯ್ದಾಗ ಅವರು ಅರ್ಧ ಆಗಿದ್ದರು. ಸಂಜೆಯಾದರೆ ಜ್ವರ, ಬೆಳಗಾದರೆ ಸೀರೆ ಒದ್ದೆಯಾಗುವಷ್ಟು ಬೆವರು. ಟೈಫಾಯ್ಡ್ ಔಷಧಿಯೂ ಆಗಿತ್ತು, ದೃಷ್ಟಿ ತೆಗೆದದ್ದೂ ಆಗಿತ್ತು. ಊರಿನ ಯಾವ ಹಸು ಕರು ಹಾಕಲು ಒದ್ದಾಡಿದರೂ ಕರೆ ಬರುತ್ತಿದ್ದದ್ದು ಅತ್ತೆಗೇ. ಅಂಥ ಕೈಗೆ ಈಗ ಚೊಂಬು ಭಾರ. ಇನ್ನು ಉಳಿಯುವುದಿಲ್ಲ ಎಂದೇ ನಾನು ಹೆದರಿದ್ದೆ.

ಗೀರು ಬಿದ್ದ ಅಂಗೈ ಹಿಡಿದು ಡಾಕ್ಟ್ರಮ್ಮ ಕೇಳಿದರು: “ಹೊತ್ತಿಗೆ ಮುಂಚೆ ಕಂದು ಹಾಕಿದ ಹಸು ಏನಾದ್ರೂ ಮುಟ್ಟಿದ್ರಾ?”

ಅತ್ತೆ ನೆಲ ನೋಡಿದರು. ಪಕ್ಕದ ಮನೆಯ ಹಸು ಹಾಗೆ ಮಾಡಿತ್ತು. ಬೀಳದೆ ಒಳಗೇ ಉಳಿದ ಮಾಸುಚೀಲವನ್ನು ಬರಿಗೈಯಲ್ಲಿ ತೆಗೆದವರು ಇವರೇ. ಹಸು ಮಾರಬೇಕೆಂದಿದ್ದ ಆ ಮನೆಯಾಕೆ, ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಳು. ನನಗೂ ಅದು ತಿಳಿದದ್ದು ಆಮೇಲೆ.

“ಹೆಸರು ಬೇಡ ಬಿಡಿ. ಆ ಮನೇಲಿ ಬಸುರಿ ಯಾರಾದ್ರೂ ಇದ್ದಾರಾ? ಆ ಹಸು ಹಾಲು ಕಾಯಿಸದೆ ಕುಡೀತಿದ್ದಾರಾ?”

ಪಕ್ಕದ ಮನೆಯ ಮಗಳು ಹೆರಿಗೆಗೆ ಬಂದಿದ್ದಳು. ಮೈ ತುಂಬಲಿ ಎಂದು ತಾಯಿ ದಿನಾ ನೊರೆಹಾಲು ಕುಡಿಸುತ್ತಿದ್ದಳು. “ಅಯ್ಯೋ, ನಮ್ಮ ಪಕ್ಕದ್ಮನೇಲೇ ಕುಡೀತಾವ್ಳೆ ಕಣಮ್ಮ ಹುಡುಗಿ!” ಎಂದು ಅತ್ತೆ ಆಣೆ ಮುರಿದರು.

ಅಂದು ಮಧ್ಯಾಹ್ನವೇ ಡಾಕ್ಟ್ರಮ್ಮ ಪಶುವೈದ್ಯರ ಜೊತೆ ನಮ್ಮ ಬೀದಿಗೆ ಬಂದರು. ಪಕ್ಕದ ಮನೆಯಾಕೆ ಬಾಗಿಲಿಗೆ ಅಡ್ಡ ನಿಂತು, “ನಮ್ಮನೆ ಮಾನ ಕಳೀಬೇಡಿ” ಎಂದಳು. ಬೀದಿಯೆಲ್ಲ ನೋಡುತ್ತಿತ್ತು.

“ಬೈಯೋಕೆ ಬಂದಿಲ್ಲ, ಹುಡುಕೋಕೆ ಬಂದಿದೀನಿ. ಅದೇ ಹಸು ಹಾಲು ಚೆನ್ನಾಗಿ ಕುದಿಸಿ ಒಂದು ಲೋಟ ಕಾಫಿ ಕೊಡಮ್ಮ” ಎಂದು ಡಾಕ್ಟ್ರಮ್ಮ ಜಗಲಿಯ ಮೇಲೆ ಕೂತೇಬಿಟ್ಟರು. ಎಲ್ಲರೆದುರು ಆ ಕಾಫಿ ಕುಡಿದರು. ಆಮೇಲೆ ಬಾಗಿಲು ತಾನೇ ತೆರೆಯಿತು. ಆ ಮನೆಯವರನ್ನು ದೂರ ಇಡಲು ಯಾರಿಗೂ ನೆಪ ಉಳಿಯಲಿಲ್ಲ.

ರಕ್ತಪರೀಕ್ಷೆಯಲ್ಲಿ ಹಸು, ಅತ್ತೆ, ಹುಡುಗಿ ಮೂವರಿಗೂ ಒಂದೇ ಸೋಂಕು, ಹಸುವಿನ ಮಾಸಿನಿಂದಲೂ ಹಸಿ ಹಾಲಿನಿಂದಲೂ ಹರಡುವಂಥದ್ದು. ಹಸುವನ್ನು ಬೇರೆ ಕಟ್ಟಿಸಿದರು. ಹುಡುಗಿಗೆ ಹೊತ್ತಿಗೆ ಸರಿಯಾಗಿ ಔಷಧಿ ಸಿಕ್ಕಿತು. ಅತ್ತೆ ನನ್ನನ್ನು ಬೈಯುತ್ತಲೇ ವಾರಗಟ್ಟಲೆ ಮಾತ್ರೆ ನುಂಗಿದರು. ಒಂದು ಸಂಜೆ ಜ್ವರ ಬರಲಿಲ್ಲ. ಮರುದಿನವೂ ಇಲ್ಲ. ಬೈಗುಳದ ದನಿ ದಿನೇದಿನೇ ಜೋರಾಯಿತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಗುಂಡುಗುಂಡಾದ ಹೆಣ್ಣುಮಗು ಹುಟ್ಟಿತು. ನಾಮಕರಣದ ದಿನ ಪಕ್ಕದ ಮನೆಯಾಕೆ ಮಗುವನ್ನು ಮೊದಲು ಹಾಕಿದ್ದು ಅತ್ತೆಯ ಮಡಿಲಿಗೆ. ಊಟಕ್ಕೆ ಬಂದಿದ್ದ ಡಾಕ್ಟ್ರಮ್ಮ ಮುಷ್ಟಿ ಬಿಡಿಸಿ ಪುಟ್ಟ ಅಂಗೈ ನೋಡಿದರು. “ಇಲ್ಲೇನೂ ಹುಡುಕೋ ಅಂಥದ್ದಿಲ್ಲ” ಎಂದು ನಕ್ಕರು.

ಅವರಿಗೀಗ ಗೌರಿಬಿದನೂರಿಗೆ ವರ್ಗವಾಗಿದೆ. ಅತ್ತೆ ಮೊಳಕೈ ದಾಟುವ ಗ್ಲೌಸ್ ಏರಿಸಿಕೊಂಡು ಮತ್ತೆ ಕೊಟ್ಟಿಗೆಗಳಿಗೆ ಹೊರಡುತ್ತಾರೆ. ಹಸು ಕಂದು ಹಾಕಿದ್ದನ್ನು ಯಾರಾದರೂ ಮುಚ್ಚಿಟ್ಟರೆ ಬಾಗಿಲಲ್ಲೇ ನಿಂತು, “ಬೈಯೋಕೆ ಬಂದಿಲ್ಲ ಕಣೇ, ಹುಡುಕೋಕೆ ಬಂದಿದೀನಿ” ಎನ್ನುತ್ತಾರೆ. ಆಮೇಲೆ ಚೆನ್ನಾಗಿ ಬೈಯುತ್ತಾರೆ. ಆ ಬೈಗುಳವನ್ನು ನಮಗೆ ಉಳಿಸಿಕೊಟ್ಟವರು ಡಾಕ್ಟ್ರಮ್ಮ.